ವಾನರವೃತ್ತಾಂತಗಳ ಪ್ರಾಮಾಣ್ಯವಿಚಾರ

ಮಂಗ, ಮುಸುವ ಮೊದಲಾದ ವಾನರಗಳ ದೇಹಧರ್ಮ, ನಡವಳಿಕೆ, ಯೋಗಕ್ಷೇಮ ಇವುಗಳ ವಿಷಯವಾಗಿ ನಂಬತಕ್ಕ ಬರವಣಿಗೆ ಯಾವುದು, ಅದನ್ನು ಗುರುತಿಸುವ ಬಗೆ ಹೇಗೆ ಎಂದು ಈಚೆಗೆ ಒಬ್ಬಿಬ್ಬರು ಗೃಹಸ್ಥರು ನನ್ನನ್ನು ಕೇಳಿದರು. ಪ್ರಶ್ನೆ ಹುಟ್ಟಿದ್ದು ಕೈಫೋನಿನಲ್ಲಿ ಬಂದ ಒಂದು ಚಲಚ್ಚಿತ್ರದಿಂದ. ದೊಡ್ಡ ಕಣ್ಣಿನ ಪುಟ್ಟ ಪ್ರಾಣಿಯೊಂದು ಹಾಸಿಗೆಯ ಮೇಲೆ ಮಲಗಿದೆ. ಯಾರೋ ಅದರ ಕಂಕುಳಿಗೆ ಕಚಗುಳಿಯಿಡುತ್ತಾರೆ. ಅದು ಎರಡು ತೋಳುಗಳನ್ನೂ ಮೇಲೆತ್ತಿಕೊಂಡು ಸುಮ್ಮನಿರುತ್ತದೆ. ಇಷ್ಟೇ ಚಿತ್ರ. ೨೦೦೯ರಿಂದ ಇದು ಲೋಕವನ್ನೆಲ್ಲ ಸುತ್ತಿದೆ. ಕಂಡ ಮಕ್ಕಳು ನಮಗೂ ಇಂಥದೊಂದು ಬೇಕೆಂದು ಹಟ ಹಿಡಿದರೆ ಆಶ್ಚರ್ಯವಲ್ಲ. ದೊಡ್ಡವರೂ ಹಾಗೆಯೇ ಬಯಸಿದರೆಂಬುದು ೨೦೧೩ರಲ್ಲಿ ಪ್ರಕಟವಾದ ಒಂದು ಪರಿಶೀಲನದಿಂದ ತಿಳಿದುಬಂದಿದೆ.

ಆ ಪ್ರಾಣಿಯ ಹೆಸರು ಸ್ಲೋ ಲೋರಿಸ್. ಆಗ್ನೇಯ ಏಷ್ಯದ ಕಾಡುಗಳು ಅದರ ನೆಲೆ. ನಮ್ಮ ತುಮಕೂರು ಸೀಮೆಯ ಕುರುಚಲುಗಳಲ್ಲಿ ಇರುಳು ಸಂಚರಿಸುವ ಕಾಡುಪಾಪಕ್ಕೆ ಅದು ದಾಯಾದಿ. ಅದರ ಮೊಣಕೈಯ ಒಳಬದಿಯಲ್ಲಿ ಒಂದು ಗ್ರಂಥಿಯುಂಟು. ಅಪಾಯವೊದಗಿದಾಗ ಅದು ತೋಳುಗಳನ್ನು ತಲೆಯ ಮೇಲಕ್ಕೆತ್ತಿ, ಗ್ರಂಥಿಯ ಸ್ರಾವವನ್ನು ನೆಕ್ಕಿ, ಜೊಲ್ಲಿನೊಡನೆ ಬೆರಸಿ ಕಚ್ಚುತ್ತದೆ; ಆ ಕಡಿತ ವಿಷದ ಕಡಿತ. ಎಂದರೆ, ಸುಖದಿಂದ ಮೈಮರೆತಿದೆಯೆಂದು ನಾವು ನಗುವಾಗ ಅದು ತನ್ನ ಕೊನೆಯ ಆಯುಧವನ್ನು ಕೈಗೆತ್ತಿಕೊಳ್ಳುತ್ತಿದೆ. ಮಾರುವವರು ಇದನ್ನು ಬಲ್ಲರು. ಆದುದರಿಂದಲೇ ಅದರ ಹಲ್ಲುಗಳನ್ನು ಕತ್ತರಿಸಿ ಮಾರುತ್ತಾರೆ. ಅಂತಾರಾಷ್ಟ್ರೀಯ ವ್ಯಾಪಾರವು ೨೦೦೭ರಲ್ಲಿಯೇ ನಿಷಿದ್ಧವಾಗಿದ್ದರೂ ಚಿತ್ರದಿಂದ ಹುಟ್ಟಿದ ಆಸೆಗೆ ನಿಷೇಧವಿಲ್ಲವಷ್ಟೆ.

ಇಲ್ಲಿ ವಿಮರ್ಶಕನಿಗೆ ಒಂದು ತೊಡಕು ಎದುರಾಗುತ್ತದೆ. ಚಿತ್ರದಲ್ಲಿ ಸುಳ್ಳೇನೂ ಇಲ್ಲ. ಕಂಡದ್ದು ಕಂಡಂತೆಯೇ ನಡೆದುದು. ಪ್ರತ್ಯಕ್ಷವು ಸರಿಯಾಗಿದ್ದೂ ಅದರಿಂದ ಹುಟ್ಟಿದ ತಿಳಿವು ತಲೆಕೆಳಗಾಗಿರುವುದು ಹೇಗೆ? ನಗುವ ಕೋತಿಯ ವಿಷಯದಲ್ಲಿಯೂ ಹೀಗೆಯೇ. ಜಾಹೀರಾತಿನಲ್ಲಿ ಹಲ್ಲು ಕಿರಿದು ಕುಳಿತ ಚಿಂಪಾಂಜಿ ಮರಿ ಸಂತೋಷದಿಂದಿದೆಯೆಂದು ನಾವು ಭಾವಿಸುತ್ತೇವೆ. ತುಟಿಗಳನ್ನು ಹಿಂದಕ್ಕೆಳೆದು ಹಲ್ಲು ತೋರಿಸುವುದು ಆ ಜಾತಿಯಲ್ಲಿ ಬಹುಮಟ್ಟಿಗೆ ಭಯದ ಚಿಹ್ನೆ. ಪ್ರಾಣಿಯ ಮುಖ ನಮ್ಮ ಮುಖಕ್ಕೆ ಹತ್ತಿರವಾದಷ್ಟೂ ಈ ಭ್ರಮೆ ಹೆಚ್ಚು. ಹಾವಿನ ಹೆಡೆಯನ್ನು ಕಂಡು ಯಾರೂ ಅದು ನಗುತ್ತಿದೆಯೆನ್ನುವುದಿಲ್ಲ.

ಆದಕಾರಣ ವಾನರಗಳ ವಿಷಯದಲ್ಲಿ ಬಲ್ಲವರ ಮಾತಿನ ನೆರವಿಲ್ಲದೆ ನಮ್ಮ ಕಣ್ಣು ಸಾಲದು. ಬಲ್ಲವರು ಯಾರು? ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನ ಲಕ್ಷಣವನ್ನು ಹೇಳುವಾಗ, ವಸ್ತುವನ್ನು ಸಾಕ್ಷಾತ್ತಾಗಿ ಕಂಡು ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನೇ ಆಪ್ತನೆಂದು ನಿರೂಪಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಸಮನೆಂದು ಸೇರಿಸಿದ್ದಾನೆ. ಈ ಔದಾರ್ಯವನ್ನು ನಮ್ಮ ಪಂಡಿತರು ಸಾಕಾದಷ್ಟು ಮೆಚ್ಚಿಲ್ಲವೆಂದು ನನ್ನ ಎಣಿಕೆ. ಮುಂದೆ ಹೇಳತಕ್ಕ ಗ್ರಂಥಕರ್ತರಲ್ಲಿ ಹೆಚ್ಚಿನವರು ಪರದೇಶದವರು. ಅವರನ್ನು ಅಳೆಯುವುದಕ್ಕೆ ಈ ಅಳತೆಗೋಲು ಸಾಕು.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಕೋತಿ, ಮಂಗ, ಕೋಡಗ, ಮುಸುವ, ಸಿಂಗಳೀಕ, ಕಾಡುಪಾಪ ಎಂದು ಬೇಕಾದಷ್ಟು ಮಾತುಗಳಿವೆ. ಜನರು ಅವುಗಳನ್ನು ಬೇರೆಬೇರೆ ಪ್ರಾಣಿಗಳಿಗೆ ಖಚಿತವಾಗಿಯೇ ಬಳಸುತ್ತಾರೆ: ಕರಿಮೋರೆಯ ಉದ್ದಬಾಲದ್ದು ಮುಸುವ, ಘಟ್ಟದ ಕಾಡಿನ ಕರಿಮೈಯ, ಬಿಳಿಯ ಕೇಸರದ್ದು ಸಿಂಗಳೀಕ. ಪುಸ್ತಕ ಬರೆಯುವವರೇ ಇವನ್ನು ಕಲಸಿಬಿಡುತ್ತಾರೆ. ಬಾಲವೇ ಇಲ್ಲದ ಗೊರಿಲ್ಲವನ್ನೂ ಚಿಂಪಾಂಜಿಯನ್ನೂ ‘ಕೋತಿ’ ಎನ್ನುವ ಅನುವಾದವನ್ನು ಕಂಡರೆ ಅನುವಾದಕರು ಪ್ರಾಣಿಯನ್ನಲ್ಲ, ನಿಘಂಟನ್ನು ಮಾತ್ರ ನೋಡಿದ್ದಾರೆಂದು ತಿಳಿಯಬಹುದು. ಯಾವ ಜಾತಿಯ ಮಾತೆಂದು ಹೇಳದೆ ‘ಮಂಗಗಳ ಸ್ವಭಾವ’ವನ್ನು ವರ್ಣಿಸುವ ಲೇಖನವನ್ನು ಅಲ್ಲಿಗೇ ಮಡಿಸಿಡುವುದು ಮೇಲು.

ಇನ್ನು ವಿಷಯಕ್ಕೆ ಬರೋಣ. ೧೯೩೨ರಲ್ಲಿ ಸಾಲಿ ಝುಕರ್ಮನ್ ಎಂಬವರು ಕೋತಿಗಳ ಮತ್ತು ಮಹಾವಾನರಗಳ ಸಾಮಾಜಿಕ ಜೀವನವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಬಹುಕಾಲ ಅದಕ್ಕೆ ಎದುರಿರಲಿಲ್ಲ. ಅದರ ಮುಖ್ಯ ಆಧಾರ ಲಂಡನ್ ಮೃಗಾಲಯದ ‘ಕೋತಿಗುಡ್ಡ’. ೧೯೨೫ರಲ್ಲಿ ಅಲ್ಲಿ ಕೃತಕವಾದ ಬಂಡೆಗಳ ಗುಡ್ಡವೊಂದನ್ನು ಕಟ್ಟಿ, ಹಮಾಡ್ರಿಯಸ್ ಎಂಬ ಜಾತಿಯ ಬಬೂನುಗಳನ್ನು ಬಿಟ್ಟರು. ಅವುಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಗಂಡು. ೧೯೨೭ರಲ್ಲಿ ಮೂವತ್ತು ಹೆಣ್ಣುಗಳನ್ನು ಒಟ್ಟಿಗೆ ಒಳಕ್ಕೆ ಬಿಟ್ಟಾಗ ಗಂಡುಗಳು ಅವುಗಳಿಗಾಗಿ ಹೊಡೆದಾಡಿದುವು. ಆ ಎಳೆದಾಟದಲ್ಲಿ ಸಿಕ್ಕಿ ಹೆಣ್ಣುಗಳಲ್ಲಿ ಬಹುಪಾಲು ಸತ್ತುವು. ಇದನ್ನೆಲ್ಲ ಝುಕರ್ಮನ್ನರು ಎಣಿಸಿ ಬರೆದರು. ಅದರಿಂದ ತೆಗೆದ ಸಿದ್ಧಾಂತವೇನೆಂದರೆ, ವಾನರಸಮಾಜವನ್ನು ಹಿಡಿದಿಡುವ ಸೂತ್ರವೇ ಕಾಮ, ಅದನ್ನು ಆಳುವುದು ಬಲ ಎಂದು.

ತರುವಾಯ ೧೯೬೦ರಿಂದ ಮೊದಲಾಗಿ ಹಾನ್ಸ್ ಕುಮ್ಮರ್ ಎಂಬ ಸ್ವಿಟ್ಸರ್ಲೆಂಡಿನ ವಿದ್ವಾಂಸರು ಇಥಿಯೋಪಿಯದ ಬಂಡೆಸೀಮೆಯಲ್ಲಿ ಅದೇ ಜಾತಿಯ ಹಿಂದೆ ನಡೆದರು. ಅಲ್ಲಿ ಕಂಡದ್ದು ಬೇರೆ. ಒಂದು ಗಂಡು, ಅದರ ಕೆಲವು ಹೆಣ್ಣುಗಳು, ಮರಿಗಳು, ಹೀಗೆ ಚಿಕ್ಕ ಸಂಸಾರಗಳು. ಅಂಥ ಸಂಸಾರಗಳು ಕೂಡಿ ದೊಡ್ಡ ತಂಡ. ಒಂದರ ಹೆಣ್ಣನ್ನು ಇನ್ನೊಂದು ಸಾಮಾನ್ಯವಾಗಿ ಮುಟ್ಟದು. ಪರಸ್ಪರ ಪರಿಚಯವಿದ್ದ ಗಂಡುಗಳಲ್ಲಿ ಒಂದು ಬಗೆಯ ಮರ್ಯಾದೆಯೇ ಉಂಟೆಂದು ಅವರು ತೋರಿಸಿದರು. ಹೆಣ್ಣನ್ನು ಕಚ್ಚಿ ಅಂಕೆಯಲ್ಲಿಡುವ ಒರಟುತನ ಅಲ್ಲಿಯೂ ಉಂಟು, ಅದನ್ನು ಕುಮ್ಮರರು ಮುಚ್ಚಿಡಲಿಲ್ಲ. ಆದರೆ ಲಂಡನ್ನಿನ ಹತ್ಯಾಕಾಂಡ ಮಾತ್ರ ಅಲ್ಲಿಲ್ಲ.

ಇಲ್ಲಿ ಝುಕರ್ಮನ್ನರ ದೋಷ ಯಾವುದು? ಅವರು ಸುಳ್ಳು ಹೇಳಲಿಲ್ಲ. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂದು ಒಬ್ಬನು ಹೇಳಿದರೆ ನೈಯಾಯಿಕರು ಒಪ್ಪುವುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿಸೌದೆಯ ಸಂಬಂಧ ಬೇಕು. ಈ ಹಸಿಸೌದೆಗೆ ಶಾಸ್ತ್ರದಲ್ಲಿ ಉಪಾಧಿಯೆಂದು ಹೆಸರು. ಕೋತಿಗುಡ್ಡದಲ್ಲಿ ಹಸಿಸೌದೆಯು ಬೇಕಾದಷ್ಟಿತ್ತು: ಒಬ್ಬರನ್ನೊಬ್ಬರು ಅರಿಯದ ಗಂಡುಗಳು, ಹೆಣ್ಣುಗಳ ಕೊರತೆ, ಓಡಿಹೋಗಲು ಎಡೆಯಿಲ್ಲದ ಆವರಣ. ಉಪಾಧಿಯನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬೋನಿನ ಧರ್ಮವನ್ನು ಜಾತಿಯ ಧರ್ಮವೆಂದು ಹೇಳಿದ್ದು ಆ ಗ್ರಂಥದ ಕುಂದು. ಇಂಥ ಬರಹಗಳನ್ನು ಓದುವವರು ಪ್ರತಿ ಪುಟದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದು: ಎಲ್ಲಿ ಕಂಡದ್ದು, ಎಷ್ಟು ಕಾಲ, ತಿನಿಸು ಯಾರದು, ಸುತ್ತ ಬೇಲಿಯುಂಟೋ ಇಲ್ಲವೋ?

ಈ ಪ್ರಶ್ನೆ ಎಷ್ಟು ಸೂಕ್ಷ್ಮವಾದದ್ದೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ವಾನರಶಾಸ್ತ್ರದಲ್ಲಿ ಅರ್ಧ ಶತಮಾನ ನಡೆದ ಒಂದು ದೊಡ್ಡ ವಾದವು ನಮ್ಮ ಧಾರವಾಡದ ಕಾಡಿನಲ್ಲಿ ಹುಟ್ಟಿತು. ಮುಸುವಗಳ ವಿಷಯದಲ್ಲಿ ಅದಕ್ಕೆ ಮುಂಚೆ ಮಾನ್ಯವಾಗಿದ್ದ ಬರಹ ಫಿಲಿಸ್ ಜೇ ಎಂಬ ಅಮೆರಿಕದ ವಿದುಷಿಯದು. ಆಕೆ ೧೯೫೮ರಿಂದ ೧೯೬೦ರ ವರೆಗೆ ಉತ್ತರಪ್ರದೇಶದ ಕೌಕೋರಿ ಎಂಬ ಹಳ್ಳಿಯ ಬಳಿಯಲ್ಲಿಯೂ ಮಧ್ಯಭಾರತದ ಓರ್ಛಾ ಎಂಬ ಅರಣ್ಯದ ಎಡೆಯಲ್ಲಿಯೂ ಮುಸುವಗಳನ್ನು ನೋಡಿ, ಅವು ಶಾಂತವಾದ, ಸಾವಧಾನದ ಪ್ರಾಣಿಗಳೆಂದು ವರ್ಣಿಸಿದರು. ಅಲ್ಲಿಯ ತಂಡಗಳಲ್ಲಿ ಹಲವು ಗಂಡುಗಳು ಕೂಡಿ ಬಾಳುತ್ತಿದ್ದುವು. ತಾಯಿಯಿಂದ ಇನ್ನೊಂದು ಹೆಣ್ಣಿಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಎಳೆಮರಿಯನ್ನು ಕೈಯಿಂದ ಕೈಗೆ ದಾಟಿಸುವ ಅವುಗಳ ವಾತ್ಸಲ್ಯವನ್ನು ಆಕೆ ಬರೆದಿರುವ ಪುಟಗಳು ಈಗಲೂ ಓದತಕ್ಕವು.

ಅದರ ಬೆನ್ನಿಗೆ, ೧೯೬೧ರಿಂದ ೧೯೬೩ರ ವರೆಗೆ, ಯುಕಿಮಾರು ಸುಗಿಯಾಮ ಎಂಬ ಜಪಾನಿನ ತರುಣ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಧಾರವಾಡದ ಕಾಡಿನಲ್ಲಿ ಮುಸುವಗಳನ್ನು ಅನುಸರಿಸಿದರು. ಜಪಾನ್ ಮತ್ತು ಭಾರತ ಕೂಡಿ ನಡಸಿದ ಶೋಧನೆಯದು. ಪ್ರಕಟವಾದ ಲೇಖನಗಳಲ್ಲಿ ಯೋಶಿಬ, ಪಾರ್ಥಸಾರಥಿ ಎಂಬ ಹೆಸರುಗಳೂ ಇವೆ. ಧಾರವಾಡದಲ್ಲಿ ಮುಸುವಗಳು ದಟ್ಟವಾಗಿದ್ದುವು. ತಂಡಗಳಲ್ಲಿ ಹೆಚ್ಚಿನವಕ್ಕೆ ಒಂದೇ ಗಂಡು. ಮಿಕ್ಕ ಗಂಡುಗಳು ಪುಂಡರಂತೆ ಗುಂಪುಕಟ್ಟಿ ಹೊರಗೆ ತಿರುಗುತ್ತಿದ್ದುವು. ೧೯೬೨ರಲ್ಲಿ ಇಂಥದೊಂದು ಗುಂಪು ಒಂದು ತಂಡದ ಮೇಲೆ ಬಿದ್ದು ಯಜಮಾನನನ್ನು ಓಡಿಸಿತು. ಬಂದವರಲ್ಲಿ ಒಂದು ಗಂಡು ಮಾತ್ರ ನಿಂತು ಉಳಿದವನ್ನು ಅಟ್ಟಿತು. ಆಮೇಲೆ ತಂಡದ ಎಳೆಮರಿಗಳು ಒಂದೊಂದಾಗಿ ಹೊಸ ಯಜಮಾನನ ಹಲ್ಲಿಗೆ ಬಲಿಯಾದುವು. ಮರಿಗಳನ್ನು ಕಳೆದುಕೊಂಡ ತಾಯಂದಿರು ಕೆಲವು ದಿನಗಳಲ್ಲಿಯೇ ಅದರೊಡನೆ ಕೂಡಿದುವು. ಇದನ್ನು ಸುಗಿಯಾಮರು ೧೯೬೫ರಲ್ಲಿ ‘ಪ್ರೈಮೇಟ್ಸ್’ ಎಂಬ ಜಪಾನಿನ ಪತ್ರಿಕೆಯ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು.

ಆ ಲೇಖನದ ಶೈಲಿ ಒಣಕಲು. ತಂಡಗಳಿಗೆ ಅಂಕೆಗಳಲ್ಲದೆ ಹೆಸರಿಲ್ಲ. ದಿನಾಂಕ, ಸಂಖ್ಯೆ, ಯಾವ ಹೆಣ್ಣಿನ ಯಾವ ಮರಿ ಎಂಬ ವಿವರ, ಇಷ್ಟೇ. ಕಾವ್ಯರಸಿಕರಿಗೆ ಅದು ಹಿಡಿಸದೆ ಹೋಗಬಹುದು. ನನಗೆ ಮಾತ್ರ ಅದರಲ್ಲಿ ಒಂದು ಬಗೆಯ ನಿಷ್ಠೆ ಕಾಣುತ್ತದೆ. ಕಂಡದ್ದು ಅಸಹ್ಯವಾದದ್ದು, ಆಗಿನ ವಿದ್ವಾಂಸರ ನಂಬಿಕೆಗೆ ಪ್ರತಿಕೂಲವಾದದ್ದು, ಆದರೂ ಗ್ರಂಥಕರ್ತರು ದನಿಯೆತ್ತುವುದಿಲ್ಲ. ಇನ್ನೊಂದು ಸಂಗತಿಯನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮತ್ತೊಂದು ತಂಡದ ಏಕಮಾತ್ರ ಗಂಡನ್ನು ತಾವೇ ಹಿಡಿದು ಬೇರ್ಪಡಿಸಿ ಏನಾಗುತ್ತದೆಂದು ನೋಡಿದರು. ನೆರೆಯ ಗಂಡು ಬಂದು ಅಲ್ಲಿಯೂ ಮರಿಗಳನ್ನು ಕೊಂದಿತು. ಈ ಎರಡನೆಯ ಪ್ರಸಂಗದಲ್ಲಿ ಮನುಷ್ಯನ ಕೈವಾಡವೇ ಉಪಾಧಿಯೆಂದು ನಾವು ಆಕ್ಷೇಪಿಸಬಹುದು. ಮರಿಗಳ ಗತಿಯನ್ನು ನೆನೆದು ಅಂಥ ಪರೀಕ್ಷೆ ಮಾಡಬಹುದಾಗಿತ್ತೆ ಎಂದೂ ಕೇಳಬಹುದು. ಹಾಗೆ ಕೇಳುವುದಕ್ಕೆ ಬೇಕಾದ ಸಾಮಗ್ರಿಯನ್ನು ಕೊಟ್ಟವರೂ ಅವರೇ. ಆಪ್ತನೆನ್ನಿಸಿಕೊಳ್ಳುವುದಕ್ಕೆ ಇದು ಸಣ್ಣ ಗುಣವಲ್ಲ.

ಹಾಗಾದರೆ ಕೌಕೋರಿಯ ಮುಸುವ ನಿಜವೋ, ಧಾರವಾಡದ ಮುಸುವ ನಿಜವೋ? ಮೊದಲಲ್ಲಿ ಪಂಡಿತರು ಕಂಡುಕೊಂಡ ಪರಿಹಾರ ಸುಲಭವಾದದ್ದು. ಧಾರವಾಡದಲ್ಲಿ ಪ್ರಾಣಿಗಳ ಒತ್ತಣೆ ಹೆಚ್ಚು, ಊರಿನ ಸೋಂಕು ಹೆಚ್ಚು. ಈ ದಟ್ಟಣೆಯೇ ಹಸಿಸೌದೆ, ಶಿಶುಹತ್ಯೆಯೇ ಹೊಗೆ, ಎಂದರು. ಸಾರಾ ಹರ್ಡಿ ಎಂಬ ಅಮೆರಿಕದ ವಿದ್ಯಾರ್ಥಿನಿಯು ಇದೇ ಊಹೆಯನ್ನು ಪರೀಕ್ಷಿಸುವುದಕ್ಕೆಂದು ೧೯೭೧ರಲ್ಲಿ ರಾಜಸ್ಥಾನದ ಅಬುಪರ್ವತಕ್ಕೆ ಬಂದರು. ೧೯೭೭ರಲ್ಲಿ ಹೊರಬಂದ ಆಕೆಯ ಗ್ರಂಥ ‘ದಿ ಲಂಗೂರ್ಸ್ ಆಫ್ ಅಬು’. ಬರುವಾಗ ತಂದ ಊಹೆಯನ್ನು ಆಕೆ ಅಲ್ಲಿಯೇ ಬಿಟ್ಟರು. ಅಬುವಿನಲ್ಲಿ ಒಂದು ಗಂಡಿನ ಯಜಮಾನಿಕೆ ಸರಾಸರಿ ೨೭ ತಿಂಗಳು ಮಾತ್ರ. ಹಾಲು ಕುಡಿಯುವ ಮರಿಯಿರುವ ತನಕ ತಾಯಿ ಮತ್ತೆ ಗರ್ಭ ಧರಿಸದು. ಆದುದರಿಂದ ಹಿಂದಿನವನ ಮರಿಯನ್ನು ಕೊಂದ ಗಂಡಿಗೆ ತನ್ನ ಸಂತತಿ ಬೇಗ ದೊರೆಯುತ್ತದೆ. ದಟ್ಟಣೆಯಿಲ್ಲದೆಯೂ ಈ ನಡವಳಿಕೆ ವಂಶದಿಂದ ವಂಶಕ್ಕೆ ಉಳಿಯಬಲ್ಲದು. ಇದು ಆಕೆಯ ವಾದ.

ಗ್ರಂಥವು ಕಥೆಯಂತೆ ಓದಿಸಿಕೊಂಡು ಹೋಗುತ್ತದೆ. ಮರಿಯ ತಾಯಿಯಲ್ಲದ ಸೋಲ್ ಎಂಬ ಮುದಿ ಹೆಣ್ಣೊಂದು ತನಗಿಂತ ಬಲಿಷ್ಠವಾದ ಗಂಡಿನ ಮೇಲೆ ನುಗ್ಗುವ ಪ್ರಸಂಗವನ್ನು ಓದಿದವರು ಮರೆಯಲಾರರು. ಹೆಣ್ಣುಗಳು ಗಂಡುಗಳ ಕಾಳಗದ ಪಣಗಳೆಂಬ ಹಳೆಯ ಚಿತ್ರವನ್ನು ಅಳಿಸಿ, ಅವುಗಳಿಗೂ ತಮ್ಮತಮ್ಮ ಉಪಾಯಗಳುಂಟೆಂದು ತೋರಿಸಿದ್ದು ಈ ಗ್ರಂಥದ ಹಿರಿಮೆ. ಆದರೆ ಸೊಗಸಾದ ಗದ್ಯದಲ್ಲಿ ಒಂದು ಅಪಾಯವುಂಟು: ಕಂಡದ್ದೂ ಊಹಿಸಿದ್ದೂ ಒಂದೇ ಓಟದಲ್ಲಿ ಹರಿದುಬಂದಾಗ ಓದುವವನಿಗೆ ಸೇರುವೆ ಕಾಣಿಸುವುದಿಲ್ಲ. ಅಬುವಿನ ಪ್ರಸಂಗಗಳಲ್ಲಿ ಬಹಳಷ್ಟು, ಹೊಸ ಗಂಡು ಬಂದಮೇಲೆ ಮರಿಗಳು ಕಾಣೆಯಾದುವೆಂಬುದರಿಂದ ಮಾಡಿದ ಅನುಮಾನಗಳು. ಜೇ ಅವರು (ಆಗ ಡಾಲಿನೋ ಎಂಬ ಹೆಸರಿನಿಂದ) ಮತ್ತು ಅವರ ಪಕ್ಷದವರು ಈ ಎಡೆಯಲ್ಲಿಯೇ ಪಟ್ಟು ಹಿಡಿದರು. ೧೯೯೩ರಲ್ಲಿ ಬಾರ್ಟ್ಲೆಟ್, ಸಸ್ಮನ್, ಚೆವೆರುಡ್ ಎಂಬ ಮೂವರು, ವಾನರಗಳಲ್ಲಿ ಶಿಶುಹತ್ಯೆಯನ್ನು ನಿಜವಾಗಿ ಕಣ್ಣಾರೆ ಕಂಡ ಪ್ರಸಂಗಗಳೆಷ್ಟೆಂದು ಎಣಿಸಿ, ಅಷ್ಟು ಸ್ವಲ್ಪದ ಮೇಲೆ ಇಷ್ಟು ದೊಡ್ಡ ಸಿದ್ಧಾಂತವೆ ಎಂದು ಕೇಳಿದರು. ಕೇಳಿದ್ದು ನ್ಯಾಯವೇ.

ಉತ್ತರ ಬಂದದ್ದು ೧೯೯೯ರಲ್ಲಿ, ನೇಪಾಳದ ರಾಮನಗರದಿಂದ. ಕರೋಲಾ ಬೋರೀಸ್ ಮತ್ತು ಅವರ ಜೊತೆಯವರು ಮುಸುವಗಳ ಪಿತೃತ್ವವನ್ನು ಡಿ.ಎನ್.ಎ. ಪರೀಕ್ಷೆಯಿಂದ ಗೊತ್ತುಮಾಡಿ, ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆಗಳಾಗಿರಲಿಲ್ಲವೆಂದು ತೋರಿಸಿದರು. ರಾಮನಗರದಲ್ಲಿ ಪ್ರಾಣಿಗಳಿಗೆ ಯಾರೂ ತಿನಿಸು ಹಾಕುತ್ತಿರಲಿಲ್ಲ. ತಂಡಗಳಲ್ಲಿ ಗಂಡುಗಳೂ ಹಲವು. ಆದಕಾರಣ ಊರಿನ ಸೋಂಕೇ ಉಪಾಧಿಯೆಂಬ ವಾದ ಅಲ್ಲಿ ನಿಲ್ಲುವುದಿಲ್ಲ. ಹೀಗೆ ಹರ್ಡಿಯವರ ಪಕ್ಷ ಬಹುಮಟ್ಟಿಗೆ ಗೆದ್ದಿತೆನ್ನಬೇಕು. ಗೆಲ್ಲಿಸಿದವರು ಅರ್ಧಮಟ್ಟಿಗೆ ಎದುರುಪಕ್ಷದವರೇ. ಅವರ ಹಟವಿಲ್ಲದಿದ್ದರೆ ಆ ಪರೀಕ್ಷೆ ಅಷ್ಟು ಕಟ್ಟುನಿಟ್ಟಾಗಿ ನಡೆಯುತ್ತಿರಲಿಲ್ಲವೆಂದು ತೋರುತ್ತದೆ. ಜೇ ಅವರ ವರ್ಣನೆಯೂ ಕೌಕೋರಿಯ ಮಟ್ಟಿಗೆ ಬಿದ್ದುಹೋಗಿಲ್ಲ. ಒಂದೇ ಜಾತಿಯೆಂದು ಅಂದು ಎಣಿಸಿದ್ದ ಹನುಮಾನ್ ಮುಸುವವನ್ನು ಈಗ ಹಲವು ಜಾತಿಗಳಾಗಿ ವಿಂಗಡಿಸಿದ್ದಾರೆ. ಹಳೆಯ ಗ್ರಂಥಗಳನ್ನು ಓದುವವರು ಈ ವ್ಯತ್ಯಾಸವನ್ನೂ ನೆನಪಿನಲ್ಲಿಡತಕ್ಕದ್ದು.

ಆಂಜನೇಯನ ಗುಡಿಗೆ ನಡೆದುಕೊಳ್ಳುವ ಮನೆಗಳಲ್ಲಿ ಈ ವೃತ್ತಾಂತವನ್ನು ಕೇಳಿ ಕಸಿವಿಸಿಗೊಳ್ಳುವವರುಂಟು. ಅವರಿಗೆ ಹೇಳತಕ್ಕದ್ದು ಇಷ್ಟೇ: ಮುಸುವವು ಜಿತೇಂದ್ರಿಯವೆಂದು ರಾಮಾಯಣ ಎಲ್ಲಿಯೂ ಹೇಳಿಲ್ಲ, ಹನುಮಂತನ ಸ್ತೋತ್ರವು ಅವನೊಬ್ಬನದು. ಇನ್ನು ಕೆಲವರು ಇದೇ ವೃತ್ತಾಂತದಿಂದ ಮನುಷ್ಯನ ಮಲತಂದೆಯರ ಕ್ರೌರ್ಯಕ್ಕೆ ಸಮಾಧಾನ ಹುಡುಕುತ್ತಾರೆ. ಅದು ಕಬ್ಬಿಣದ ಗುಂಡಿನಲ್ಲಿ ಹೊಗೆಯನ್ನು ಹುಡುಕಿದಂತೆ.

ಜೇನ್ ಗುಡಾಲರ ಹೆಸರನ್ನು ಹೇಳದೆ ಈ ವಿಚಾರವನ್ನು ಮುಗಿಸುವಂತಿಲ್ಲ. ೧೯೬೦ರಲ್ಲಿ ಟಾಂಜಾನಿಯದ ಗೊಂಬೆ ಕಾಡಿಗೆ ಹೋಗಿ, ಚಿಂಪಾಂಜಿಗಳು ಕಡ್ಡಿಯಿಂದ ಗೆದ್ದಲು ಹಿಡಿಯುವುದನ್ನು ಲೋಕಕ್ಕೆ ತಿಳಿಸಿದ ಆಕೆ ೨೦೨೫ರ ಅಕ್ಟೋಬರಿನಲ್ಲಿ ತೀರಿಕೊಂಡರು. ೧೯೭೧ರ ‘ಇನ್ ದಿ ಷ್ಯಾಡೊ ಆಫ್ ಮ್ಯಾನ್’ ಎಂಬ ಗ್ರಂಥವನ್ನು ಯಾವ ಮನೆಯ ಹುಡುಗರಿಗಾದರೂ ಕೊಡಬಹುದು. ಆದರೆ ಅದರ ಜೊತೆಯಲ್ಲಿ ೧೯೯೦ರ ‘ಥ್ರೂ ಎ ವಿಂಡೊ’ ಎಂಬುದನ್ನೂ ಕೊಡಬೇಕು. ೧೯೭೪ರಿಂದ ಗೊಂಬೆಯ ಒಂದು ತಂಡ ಇನ್ನೊಂದನ್ನು ಬೇಟೆಯಾಡಿ ನಿರ್ಮೂಲಮಾಡಿದ ಕಥೆ ಅದರಲ್ಲಿದೆ, ಮೊದಲಿನದರಲ್ಲಿ ಇರುವಂತಿರಲಿಲ್ಲ. ಗುಡಾಲರು ಪ್ರಾಣಿಗಳನ್ನು ಹತ್ತಿರಕ್ಕೆ ಕರೆಯಲು ಬಾಳೆಯಹಣ್ಣು ಹಾಕುತ್ತಿದ್ದರು. ಆ ಹಣ್ಣೇ ಜಗಳಕ್ಕೆ ಉಪಾಧಿಯೆಂದು ೧೯೯೧ರಲ್ಲಿ ಮಾರ್ಗರೆಟ್ ಪವರ್ ಎಂಬವರು ವಾದಿಸಿದರು. ೨೦೧೪ರಲ್ಲಿ ಚಿಂಪಾಂಜಿಗಳ ಹದಿನೆಂಟು ಸಮುದಾಯಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ, ಇಂಥ ಕೊಲೆಗಳಿಗೂ ಮನುಷ್ಯರ ಹಸ್ತಕ್ಷೇಪಕ್ಕೂ ಸಂಬಂಧ ಕಾಣಲಿಲ್ಲ. ಹಣ್ಣು ಹಾಕಿದ್ದನ್ನು ಗುಡಾಲರೇ ಬರೆದಿಟ್ಟಿದ್ದರಿಂದ ಈ ವಾದವೂ ಅದರ ಪರಿಹಾರವೂ ಸಾಧ್ಯವಾದುವು.

ಉಪಾಧಿಯನ್ನು ಮರೆಯುವುದು ಒಂದು ದೋಷ. ಮೂಲವೇ ಇಲ್ಲದ ಮಾತನ್ನು ಆಪ್ತವಾಕ್ಯವೆಂದು ಹಬ್ಬಿಸುವುದು ಇನ್ನೊಂದು. ಧಾರವಾಡದ ಲೇಖನ ಬಂದ ಅದೇ ಸಂಪುಟದಲ್ಲಿ ಮಸಾವೊ ಕವಾಯಿ ಎಂಬವರ ಲೇಖನವೂ ಇದೆ. ಜಪಾನಿನ ಕೋಶಿಮ ಎಂಬ ನಡುಗಡ್ಡೆಯಲ್ಲಿ ೧೯೫೩ರಲ್ಲಿ ‘ಇಮೊ’ ಎಂಬ ಎಳೆಯ ಹೆಣ್ಣುಕೋತಿಯು ಮಣ್ಣು ಹತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿಂದಿತು. ಅದರ ತಾಯಿ ಕಲಿಯಿತು, ಓರಗೆಯವು ಕಲಿತುವು. ೧೯೫೮ರ ಮಾರ್ಚಿ ವೇಳೆಗೆ ಎರಡರಿಂದ ಏಳು ವರ್ಷದ ಹತ್ತೊಂಬತ್ತರಲ್ಲಿ ಹದಿನೈದು ಕಲಿತಿದ್ದುವು. ಅದಕ್ಕೂ ಹಿರಿಯ ಹನ್ನೊಂದರಲ್ಲಿ ಎರಡು ಮಾತ್ರ. ಮುದಿ ಗಂಡುಗಳಿಗೆ ಕೊನೆಯ ವರೆಗೂ ಅದು ಬರಲಿಲ್ಲ. ಪಾಠಶಾಲೆಯಲ್ಲಿ ನಲವತ್ತು ವರ್ಷ ಕಳೆದವನಿಗೆ ಈ ಲೆಕ್ಕದಲ್ಲಿ ನಂಬಲಾರದ್ದು ಏನೂ ಕಾಣುವುದಿಲ್ಲ.

ಈಗ ನೋಡಿರಿ. ೧೯೭೯ರಲ್ಲಿ ಲಯಾಲ್ ವಾಟ್ಸನ್ ಎಂಬ ಗ್ರಂಥಕರ್ತರು ‘ಲೈಫ್‌ಟೈಡ್’ ಎಂಬ ಪುಸ್ತಕದಲ್ಲಿ ಇದೇ ಸಂಗತಿಯನ್ನು ಹೇಳುತ್ತ, ಒಂದು ದಿನ ನೂರನೆಯ ಕೋತಿ ಗೆಣಸು ತೊಳೆಯಿತು, ಆ ಕ್ಷಣದಲ್ಲಿಯೇ ತಂಡವೆಲ್ಲ ತೊಳೆಯತೊಡಗಿತು, ಸಮುದ್ರದಾಚೆಯ ನಡುಗಡ್ಡೆಗಳ ಕೋತಿಗಳಿಗೂ ಆ ವಿದ್ಯೆ ತಾನಾಗಿ ಬಂದಿತು ಎಂದು ಬರೆದರು. ವಿದ್ವಾಂಸರು ನಗೆಗೀಡಾಗುವ ಭಯದಿಂದ ಇದನ್ನು ಪ್ರಕಟಿಸಲಿಲ್ಲವೆಂದೂ ಸೇರಿಸಿದರು. ೧೯೮೨ರಲ್ಲಿ ಕೆನ್ ಕೀಸ್ ಎಂಬವರು ಅಣ್ವಸ್ತ್ರವಿರೋಧಕ್ಕಾಗಿ ‘ನೂರನೆಯ ಕೋತಿ’ ಎಂಬ ಹೆಸರಿನಲ್ಲಿಯೇ ಒಂದು ಪುಸ್ತಕ ಬರೆದರು. ಅಲ್ಲಿಂದ ಅದು ಪ್ರವಚನಗಳಿಗೂ, ಉತ್ಸಾಹ ತುಂಬುವ ಭಾಷಣಗಳಿಗೂ ಇಳಿದು, ನಮ್ಮ ಕಡೆಯ ವೇದಿಕೆಗಳನ್ನೂ ಮುಟ್ಟಿದೆ. ೧೯೮೫ರಲ್ಲಿ ರಾನ್ ಅಮಂಡ್ಸನ್ ಎಂಬವರು ಮಾಡಿದ ಕೆಲಸ ಬಹು ಸರಳವಾದದ್ದು: ವಾಟ್ಸನ್ನರು ಆಧಾರವೆಂದು ಹೆಸರಿಸಿದ ಲೇಖನಗಳನ್ನು ತರಿಸಿ ಓದಿದರು. ಅವುಗಳಲ್ಲಿ ನೂರನೆಯ ಕೋತಿಯಿಲ್ಲ. ತಂಡದಲ್ಲಿ ಆಗ ನೂರು ಕೋತಿಗಳೇ ಇರಲಿಲ್ಲ. ವಾಟ್ಸನ್ನರೂ ತರುವಾಯ ಆಕ್ಷೇಪವನ್ನು ಬಹುಮಟ್ಟಿಗೆ ಒಪ್ಪಿದರು. ಕಥೆ ಮಾತ್ರ ಇಂದಿಗೂ ನಿಂತಿಲ್ಲ. 'ಪಂಡಿತರು ಮುಚ್ಚಿಟ್ಟ ಸತ್ಯ' ಎಂಬ ಮಾತನ್ನು ಯಾವ ಪುಸ್ತಕದಲ್ಲಿ ಕಂಡರೂ ನಾನು ಕನ್ನಡಕವನ್ನು ಒರಸಿಕೊಂಡು ಇನ್ನೊಮ್ಮೆ ಓದುತ್ತೇನೆ.

ಯೋಗಕ್ಷೇಮದ ವಿಷಯವಾದ ಬರಹಗಳಲ್ಲಿ ಪ್ರಾಮಾಣ್ಯವನ್ನು ಅಳೆಯುವುದು ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಕರುಣೆಯೂ ಲಾಭವೂ ಎರಡು ಕಡೆಯಿಂದ ಎಳೆಯುತ್ತವೆ. ಅಲ್ಲಿ ನೆರವಾಗುವುದು ಎಣಿಕೆ. ಪೋಲಿಯೋ ಲಸಿಕೆಗೂ ಇತರ ಪ್ರಯೋಗಗಳಿಗೂ ಉತ್ತರ ಹಿಂದುಸ್ಥಾನದ ರೀಸಸ್ ಕೋತಿಗಳನ್ನು ಹಿಡಿದು ಹಡಗು ವಿಮಾನಗಳಲ್ಲಿ ಸಾಗಿಸುತ್ತಿದ್ದ ಕಾಲದಲ್ಲಿ, ಕೋತಿಗೇನು ಕೊರತೆಯೆಂದು ಎಲ್ಲರೂ ಹೇಳುತ್ತಿದ್ದರು. ೧೯೫೯-೬೦ರಲ್ಲಿ ಚಾರ್ಲ್ಸ್ ಸೌತ್‌ವಿಕ್ಕರು ಅಲಿಘಡದ ಬೇಗ್ ಮತ್ತು ಸಿದ್ದಿಕಿ ಎಂಬ ವಿದ್ವಾಂಸರೊಡನೆ ಊರೂರು ತಿರುಗಿ ಎಣಿಸಿದಾಗ, ಇರಬೇಕಾದಷ್ಟು ಎಳೆಯ ಕೋತಿಗಳೇ ಕಾಣಲಿಲ್ಲ. ಹಿಡಿಯುವವರು ಒಯ್ಯುತ್ತಿದ್ದುದು ಅವನ್ನೇ. ಭಾರತವು ಈ ರಫ್ತನ್ನು ೧೯೭೮ರಲ್ಲಿ ನಿಲ್ಲಿಸಿತು.

ನಮ್ಮ ಊರಕೋತಿಯ ಮಾತೂ ಇದೇ. ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿಕೊಂಡಿರುವ ಈ ಕೋತಿ ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಹೆಂಚು ಒಡೆದು, ಒಣಹಾಕಿದ ಹಪ್ಪಳ ಹೊತ್ತೊಯ್ಯುವ ಕಾಟವನ್ನು ದಿನವೂ ಕಾಣುವ ನಾವು ಅವು ಮಿತಿಮೀರಿ ಹೆಚ್ಚಿವೆಯೆಂದು ಪ್ರಮಾಣಮಾಡಿ ಹೇಳುತ್ತೇವೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾಸಿಂಗರೂ ಅವರ ಶಿಷ್ಯರೂ ಮೈಸೂರಿನ ಸುತ್ತಣ ಹೆದ್ದಾರಿಗಳ ಪಕ್ಕದ ಕೋತಿಗಳನ್ನು ದಶಕಗಳ ಕಾಲ ಎಣಿಸಿದ್ದಾರೆ. ೨೦೧೭ರಲ್ಲಿ ಪ್ರಕಟವಾದ ಲೆಕ್ಕದಂತೆ ೨೫ ವರ್ಷಗಳಲ್ಲಿ ಅಲ್ಲಿ ಶೇಕಡಾ ೬೫ಕ್ಕೂ ಮಿಗಿಲಾಗಿ ಕಡಮೆಯಾಗಿವೆ. ರಸ್ತೆ ಅಗಲಮಾಡುವುದಕ್ಕಾಗಿ ಕಡಿದ ಸಾಲುಮರಗಳೇ ಅವುಗಳ ಮನೆಯಾಗಿದ್ದುವು. ಉತ್ತರದಿಂದ ರೀಸಸ್ ಕೋತಿಯೂ ಇವುಗಳ ನೆಲೆಯನ್ನು ಒತ್ತಿಕೊಂಡು ಬರುತ್ತಿದೆ. ಚಿಂತಿಸಬೇಕಾದ್ದಿಲ್ಲವೆಂಬ ಪಟ್ಟಿಯಲ್ಲಿದ್ದ ಈ ಜಾತಿಯನ್ನು ಅಂತಾರಾಷ್ಟ್ರೀಯ ಪ್ರಕೃತಿಸಂರಕ್ಷಣ ಸಂಘದವರು ಈಗ ಅಪಾಯಕ್ಕೆ ಈಡಾಗಿರುವ ಜಾತಿಗಳಲ್ಲಿ ಸೇರಿಸಿದ್ದಾರೆ. ನಮ್ಮ ಅಂಗಳದಲ್ಲಿ ನಿಂತು ಕಾಣುವುದಕ್ಕೂ ಉಪಾಧಿಯೇ ಇದೆ: ಮರವಿಲ್ಲದ ಕೋತಿ ಅಂಗಳಕ್ಕೆ ಬರುತ್ತದೆ.

ತಿನಿಸು ಹಾಕುವ ವಿಷಯದಲ್ಲಿಯೂ ಒಂದು ಮಾತು. ಬಂಡೀಪುರದ ರಸ್ತೆಯ ಕೋತಿಗಳು ಪ್ರವಾಸಿಗಳ ಕಡೆಗೆ ಕೈ ಚಾಚುವುದನ್ನೂ ಒಂದು ಬಗೆಯ ದನಿಮಾಡಿ ಬೇಡುವುದನ್ನೂ ಅನಿಂದ್ಯ ಸಿನ್ಹಾ ಮತ್ತು ಅವರ ಜೊತೆಯವರು ೨೦೧೮ರಲ್ಲಿ ವಿವರವಾಗಿ ಬರೆದಿದ್ದಾರೆ. ಅದು ಬುದ್ಧಿವಂತಿಕೆಯ ಗುರುತು ಹೌದು; ನಾವು ಕಲಿಸಿದ ಭಿಕ್ಷಾವೃತ್ತಿಯೂ ಹೌದು; ಕೈ ಚಾಚಿದ ಕೋತಿ ನಿಂತಿರುವುದು ವಾಹನಗಳ ದಾರಿಯಲ್ಲಿ. ಪುಣ್ಯಕ್ಕೆಂದು ಬಾಳೆಯಹಣ್ಣು ಎಸೆಯುವ ಮನೆಯವರು ಆ ಲೇಖನವನ್ನು ಯಾರಿಂದಲಾದರೂ ಓದಿಸಿ ಕೇಳಬೇಕು.

ಕೇಳಿದ ಗೃಹಸ್ಥರಿಗೆ ಇಷ್ಟು ಹೇಳಿದರೆ ಸಾಲದು, ಎಲ್ಲಿ ದೊರೆಯುತ್ತದೆಂದೂ ಹೇಳಬೇಕು. ಮೇಲೆ ಹೆಸರಿಸಿದ ಹರ್ಡಿ, ಗುಡಾಲ್ ಇವರ ಗ್ರಂಥಗಳು ಜಿಲ್ಲೆಯ ಗ್ರಂಥಭಂಡಾರಕ್ಕೆ ಬರತಕ್ಕವು. ೧೯೫೭ರಿಂದ ನಡೆಯುತ್ತಿರುವ ‘ಪ್ರೈಮೇಟ್ಸ್’, ೧೯೮೦ರಿಂದ ಬರುತ್ತಿರುವ ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಪ್ರೈಮಟಾಲಜಿ’ ಇವುಗಳನ್ನು ಕಾಲೇಜಿನ ಅಧ್ಯಾಪಕರ ಮೂಲಕ ನೋಡಬಹುದು. ದಕ್ಷಿಣ ಏಷ್ಯದ ವಾನರಗಳ ಸ್ಥಿತಿಗತಿಗಳನ್ನು ಜಾತಿಜಾತಿಯಾಗಿ ವಿವರಿಸುವ ೨೦೦೩ರ ವರದಿಯೊಂದನ್ನು ಕೊಯಮತ್ತೂರಿನ ಝೂ ಔಟ್‌ರೀಚ್ ಸಂಸ್ಥೆಯವರು ಹೊರತಂದಿದ್ದಾರೆ; ಅಂಕೆಗಳು ಹಳೆಯವಾದರೂ ಯಾವ ಜಾತಿ ಎಲ್ಲಿದೆಯೆಂದು ತಿಳಿಯಲು ಅದು ಒಳ್ಳೆಯ ಮೊದಲ ಮೆಟ್ಟಿಲು. ಈಗಿನ ಸ್ಥಿತಿಗೆ ಪ್ರಕೃತಿಸಂರಕ್ಷಣ ಸಂಘದ ಪಟ್ಟಿಯನ್ನು ನೋಡಬೇಕು. ಅದರಲ್ಲಿ ಪ್ರತಿಯೊಂದು ಜಾತಿಗೂ ಯಾವ ವರ್ಷದಲ್ಲಿ ಯಾರು ಪರಿಶೀಲಿಸಿದರೆಂದು ಬರೆದಿರುತ್ತಾರೆ. ನಮ್ಮ ಸಂಘದವರಲ್ಲಿ ಇಂಗ್ಲಿಷನ್ನು ಬಲ್ಲ ತರುಣರು ಹಲವರಿದ್ದಾರೆ. ೧೯೬೫ರ ಸುಗಿಯಾಮರ ಲೇಖನ ಮೂವತ್ತೆಂಟು ಪುಟಗಳದು. ಧಾರವಾಡದ ಕಾಡಿನ ವೃತ್ತಾಂತವಾದ ಅದನ್ನು ತಂಡಗಳ ಅಂಕೆಯೊಂದೂ ಬಿಡದೆ ಕನ್ನಡಕ್ಕೆ ತಂದರೆ ಈ ಪತ್ರಿಕೆಯ ಎರಡು ಮೂರು ಸಂಚಿಕೆಗಳಲ್ಲಿ ಅಚ್ಚುಹಾಕಬಹುದು.